ಜೈವಿಕ ಇದ್ದಿಲು: ಮಾಡಬೇಕಾದ್ದು, ಮಾಡಬಾರದ್ದು
ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ರೈತರ ಗಮನಕ್ಕೆ

ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಉಳಿದ ಕಸಕ್ಕೆ ಕಡ್ಡಿ ಗೀರುವುದು ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ನಡೆದುಬಂದಿದೆ. ಮೆಕ್ಕೆಜೋಳದ ಬೆಂಡು ಕಣದ ಮೂಲೆಯಲ್ಲೇ ಬೂದಿಯಾಗುತ್ತದೆ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಬದುವಿನ ಮೇಲೆ ಉರಿದುಹೋಗುತ್ತವೆ. ಅಡಿಕೆ ಸಿಪ್ಪೆಯ ರಾಶಿ ರಸ್ತೆ ಬದಿಯಲ್ಲಿ ದಿನಗಟ್ಟಲೆ ಹೊಗೆಯಾಡುತ್ತದೆ. ಹೀಗೆ ಗಾಳಿಗೆ ಹೋಗುವುದು ಇಂಗಾಲ. ನಮ್ಮ ಮಸಾರಿ ಹೊಲಗಳಿಗೆ ಬೇಕಾಗಿರುವುದೂ ಅದೇ ಇಂಗಾಲ. ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆ ಇದು. ಬಿದ್ದ ಮಳೆಯನ್ನು ಬೇರಿನ ಬಳಿ ನಾಲ್ಕು ದಿನ ಹೆಚ್ಚು ಹಿಡಿದಿಡುವ ಮಣ್ಣು ಇದ್ದವನಿಗೆ ಬೆಳೆ, ಇಲ್ಲದವನಿಗೆ ಸಾಲ.

ಅದೇ ಕಸವನ್ನು ಗಾಳಿ ಹೆಚ್ಚು ಆಡದಂತೆ ಸುಟ್ಟರೆ ಬೂದಿಯ ಬದಲು ಇದ್ದಿಲು ಸಿಗುತ್ತದೆ. ಇದನ್ನು ಬಯೋಚಾರ್ ಎನ್ನುತ್ತಾರೆ, ಜೈವಿಕ ಇದ್ದಿಲು ಎಂದೂ ಕರೆಯುತ್ತಾರೆ. ಸರಿಯಾಗಿ ಮಾಡಿ, ಸರಿಯಾದ ಮಣ್ಣಿಗೆ, ಸರಿಯಾದ ಪ್ರಮಾಣದಲ್ಲಿ ಹಾಕಿದರೆ ಇದರಿಂದ ಉಪಯೋಗವಿದೆ. ಆದರೆ ಈಚೆಗೆ ಇದನ್ನು ಎಲ್ಲ ಹೊಲಕ್ಕೂ ಮದ್ದು ಎಂಬಂತೆ ಹೇಳಿಕೊಂಡು ಬರುವವರು ಹೆಚ್ಚುತ್ತಿದ್ದಾರೆ. ಅದು ನಿಜವಲ್ಲ. ಯಾವ ಹೊಲಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂಬುದನ್ನು ಮೊದಲು ತಿಳಿದು, ಆಮೇಲೆ ಕೈ ಹಾಕಬೇಕು. ಅದಕ್ಕಾಗಿ ಈ ಸೂಚನೆಗಳು.

ಮೊದಲು ತಿಳಿದಿರಬೇಕಾದ ನಾಲ್ಕು ಮಾತು

ಒಂದು: ಇದ್ದಿಲು ಗೊಬ್ಬರವಲ್ಲ. ಅದರಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಅದು ಖಾಲಿ ಕಣಜ. ಒಳಗಿನ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು, ಪೋಷಕಾಂಶ, ಸೂಕ್ಷ್ಮಜೀವಿಗಳು ತುಂಬಿಕೊಂಡಾಗಲೇ ಬೆಳೆಗೆ ಪ್ರಯೋಜನ. ಖಾಲಿಯಾಗಿಯೇ ಮಣ್ಣಿಗೆ ಹಾಕಿದರೆ ಮಣ್ಣಿನಲ್ಲಿರುವುದನ್ನೇ ಹೀರಿಕೊಂಡು ಮೊದಲ ಬೆಳೆಯನ್ನು ಹಳದಿಯಾಗಿಸುತ್ತದೆ.

ಎರಡು: ಇದ್ದಿಲು ಕ್ಷಾರ ಗುಣದ್ದು. ಸಾಮಾನ್ಯವಾಗಿ ಅದರ ರಸಸಾರ 8ರಿಂದ 10ರವರೆಗೆ ಇರುತ್ತದೆ. ಹುಳಿ ಮಣ್ಣಿಗೆ ಇದು ಒಳ್ಳೆಯದು. ಸುಣ್ಣಕಲ್ಲು ಮಿಶ್ರಿತ ಎರೆ ಭೂಮಿಗೆ, ಸವಳು ಭೂಮಿಗೆ ಒಳ್ಳೆಯದಲ್ಲ.

ಮೂರು: ಇಳುವರಿ ಹೆಚ್ಚುವ ಮಾತು ಎಲ್ಲ ಕಡೆಗೂ ಒಂದೇ ಅಲ್ಲ. ಜಗತ್ತಿನ ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರಲ್ಲಿ ಉಷ್ಣವಲಯದ ದೇಶಗಳಲ್ಲಿ ಸರಾಸರಿ ಶೇ 25ರಷ್ಟು ಇಳುವರಿ ಹೆಚ್ಚಿದ್ದು ಕಂಡುಬಂತು. ತಂಪು ದೇಶಗಳಲ್ಲಿ ಸರಾಸರಿ ಲೆಕ್ಕದಲ್ಲಿ ಏನೂ ಹೆಚ್ಚಲಿಲ್ಲ. ಉಷ್ಣವಲಯದಲ್ಲಿ ಲಾಭವಾದದ್ದು ಮುಖ್ಯವಾಗಿ ಹುಳಿಯೇರಿದ, ಸತ್ವ ಕಳೆದುಕೊಂಡ ಮಣ್ಣುಗಳಲ್ಲಿ. ಆ ಶೇ 25ನ್ನು ತೋರಿಸಿ ನಿಮ್ಮ ಎರೆ ಹೊಲಕ್ಕೆ ಇದ್ದಿಲು ಮಾರಲು ಯಾರಾದರೂ ಬಂದರೆ ನಂಬಬೇಡಿ.

ನಾಲ್ಕು: ಹಾಕಿದ ಇದ್ದಿಲು ಹತ್ತಾರು ವರ್ಷ, ಅದರ ಬಹುಭಾಗ ನೂರಾರು ವರ್ಷ ಮಣ್ಣಿನಲ್ಲೇ ಉಳಿಯುತ್ತದೆ. ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ನಡುವೆ ಹಿಂದಿನ ಜನ ಇದ್ದಿಲು, ಮೂಳೆ, ಮನೆಯ ಕಸ ಸೇರಿಸಿ ಮಾಡಿಕೊಂಡ ಕಪ್ಪು ಮಣ್ಣು ಇಂದಿಗೂ ಫಲವತ್ತಾಗಿದೆ. ಇದ್ದಿಲಿನ ಶಕ್ತಿ ಇರುವುದು ಈ ಬಾಳಿಕೆಯಲ್ಲಿ, ಅಪಾಯವೂ ಅದರಲ್ಲೇ. ತಪ್ಪಿ ಹಾಕಿದರೆ ವಾಪಸ್ ತೆಗೆಯಲು ಬರುವುದಿಲ್ಲ.

ಮಾಡಬೇಕಾದ್ದು

1. ಮಣ್ಣು ಪರೀಕ್ಷೆ ಮೊದಲು ಮಾಡಿಸಿ. ಬೆಳೆ ಕೊಯ್ದ ಮೇಲೆ, ಗೊಬ್ಬರ ಹಾಕುವ ಮುಂಚೆ, ಹೊಲದಲ್ಲಿ ಅಂಕುಡೊಂಕಾಗಿ ನಡೆದು ಎಂಟು ಹತ್ತು ಕಡೆ ಅರ್ಧ ಅಡಿ ಆಳದ ಗುಂಡಿ ತೆಗೆಯಿರಿ. ಮೇಲಿನಿಂದ ಕೆಳಗಿನವರೆಗೆ ಗೋಡೆ ಕೆರೆದು ಮಣ್ಣು ತೆಗೆದು, ಎಲ್ಲವನ್ನೂ ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತಾ ಅರ್ಧ ಕೆ.ಜಿ.ಗೆ ಇಳಿಸಿ. ಬದು, ತಿಪ್ಪೆ, ಮರದ ನೆರಳಿನ ಮಣ್ಣು ಬೇಡ. ಎರೆ ಹೊಲ, ಮಸಾರಿ ಹೊಲ ಎರಡೂ ಇದ್ದರೆ ಬೇರೆ ಬೇರೆ ಚೀಟಿ ಬರೆದು ಬೇರೆ ಬೇರೆ ಕೊಡಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಅಥವಾ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಅದು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ. 2015ರಿಂದ ಕೊಡುತ್ತಿರುವ ಮಣ್ಣು ಆರೋಗ್ಯ ಕಾರ್ಡು ಮನೆಯಲ್ಲಿದ್ದರೆ ಮೊದಲು ಅದನ್ನು ತೆಗೆದು ಓದಿ.

2. ಕಾರ್ಡಿನಲ್ಲಿ ಮೂರು ಅಂಕಿ ನೋಡಿ: ರಸಸಾರ, ಲವಣಾಂಶ, ಸಾವಯವ ಇಂಗಾಲ. ರಸಸಾರ 6.5ಕ್ಕಿಂತ ಕಡಿಮೆ, ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆ ಇದ್ದರೆ ಇದ್ದಿಲು ಹಾಕಲು ತಕ್ಕ ಹೊಲ. ರಸಸಾರ 6.5ರಿಂದ 7.5ರ ಒಳಗಿದ್ದರೆ ಸಣ್ಣ ತಾಕಿನಲ್ಲಿ ಪರೀಕ್ಷಿಸಿ. 7.5 ದಾಟಿದರೆ ಕೇಂದ್ರದ ವಿಜ್ಞಾನಿಗಳನ್ನು ಕೇಳದೆ ಹಾಕಬೇಡಿ. 8 ದಾಟಿದರೆ ಬೇಡವೇ ಬೇಡ.

3. ಬೇರೆ ಉಪಯೋಗವಿಲ್ಲದ ಕಸವನ್ನೇ ಆರಿಸಿ. ಮೆಕ್ಕೆಜೋಳದ ಬೆಂಡು, ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಹರಳು ಕಡ್ಡಿ, ಒಣಗಿದ ಅಡಿಕೆ ಸಿಪ್ಪೆ, ತೆಂಗಿನ ಗರಿಯ ದಿಂಡು, ದಾಳಿಂಬೆ ಸವರಿದ ಕಡ್ಡಿ, ಸ್ವಂತ ಹೊಲದ ಬಳ್ಳಾರಿ ಜಾಲಿ: ಇವು ಆಗುತ್ತವೆ. ಎಲ್ಲವೂ ಚೆನ್ನಾಗಿ ಒಣಗಿರಬೇಕು. ಕಡ್ಡಿ ಮುರಿದರೆ ಟಕ್ಕನೆ ತುಂಡಾಗಬೇಕು. ಬಾಗಿದರೆ ಇನ್ನೂ ಹಸಿ ಇದೆ ಎಂದರ್ಥ. ಹಸಿ ಕಸ ಹೊಗೆ ಕೊಡುತ್ತದೆ, ಇದ್ದಿಲು ಕೊಡುವುದಿಲ್ಲ.

4. ಲೆಕ್ಕ ಹಾಕಿ ಹೊರಡಿ. ಹೊಲದಲ್ಲಿ ಮಾಡುವ ಸುಡುವಿಕೆಯಲ್ಲಿ ಒಣ ಕಸದ ತೂಕದ ಐದನೇ ಒಂದು ಭಾಗ, ಹೆಚ್ಚೆಂದರೆ ನಾಲ್ಕನೇ ಒಂದು ಭಾಗ ಇದ್ದಿಲಾಗಿ ಸಿಗುತ್ತದೆ. 20 ಕ್ವಿಂಟಾಲ್ ಮೆಕ್ಕೆಜೋಳ ಒಕ್ಕಿದರೆ ಸುಮಾರು 4 ಕ್ವಿಂಟಾಲ್ ಬೆಂಡು ಉಳಿಯುತ್ತದೆ. ಅದರಿಂದ ಬರುವುದು 80ರಿಂದ 100 ಕೆ.ಜಿ. ಇದ್ದಿಲು. ಗುಂಟೆಗೆ 50 ಕೆ.ಜಿ.ಯಂತೆ ಹಾಕಿದರೆ ಎರಡು ಗುಂಟೆಗೆ ಸಾಕು. ಪೂರ್ತಿ ಎಕರೆಗೆ ಹಾಕಬೇಕೆಂದರೆ 2 ಟನ್ ಇದ್ದಿಲು, ಅಂದರೆ 8ರಿಂದ 10 ಟನ್ ಒಣ ಕಸ ಬೇಕು. ಅಷ್ಟು ಕಸ ಯಾವ ಎಕರೆಯಲ್ಲೂ ಒಂದು ವರ್ಷಕ್ಕೆ ಸಿಗುವುದಿಲ್ಲ. ಆದ್ದರಿಂದ ಮರದ ಪಾತಿ, ನಾಟಿ ಗುಂಡಿ, ತರಕಾರಿ ಮಡಿ ಇಂಥ ಸಣ್ಣ ಜಾಗಗಳಿಗೆ ಮಾತ್ರ ಕೈ ಹಾಕಿ.

5. ಬಾಯಿ ಅಗಲ, ತಳ ಕಿರಿದಾದ ಹೊಂಡ ತೋಡಿ. ಮೇಲೆ 5 ಅಡಿ, ತಳದಲ್ಲಿ 2 ಅಡಿ, ಆಳ ಎರಡೂವರೆ ಅಡಿ ಇದ್ದರೆ ಒಂದು ಮನೆಯವರು ನಿಭಾಯಿಸಬಹುದು. ಸುತ್ತ 10 ಅಡಿ ಹುಲ್ಲು ಕೆತ್ತಿ ಚೊಕ್ಕಟ ಮಾಡಿ. ಬಣವೆ, ದನದ ಕೊಟ್ಟಿಗೆ, ತೋಟ, ವಿದ್ಯುತ್ ತಂತಿ ಇವುಗಳಿಂದ ಕನಿಷ್ಠ 100 ಅಡಿ ದೂರವಿರಲಿ. ಹೊಂಡ ಬೇಡವೆನ್ನುವವರಿಗೆ ಡ್ರಮ್ಮು ಇದೆ: ಹೈದರಾಬಾದಿನ ಕೇಂದ್ರೀಯ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆ, ಕ್ರಿಡಾ, ಹಳೆಯ ಎಣ್ಣೆ ಡ್ರಮ್ಮಿನಿಂದ ಕುಲುಮೆ ರೂಪಿಸಿ ಮೆಕ್ಕೆಜೋಳ, ಹತ್ತಿ, ತೊಗರಿ, ಹರಳು ಕಡ್ಡಿಗಳಲ್ಲಿ ಪರೀಕ್ಷಿಸಿದೆ. ಡ್ರಮ್ಮಿನಲ್ಲಿ ಹಿಂದೆ ಔಷಧಿ, ರಾಸಾಯನಿಕ ತುಂಬಿರಬಾರದು.

6. ಮೇಲಿನಿಂದ ಬೆಂಕಿ ಹಚ್ಚಿ, ಪದರ ಪದರವಾಗಿ ಕಸ ಹಾಕಿ. ಇಡೀ ಕೆಲಸದ ಗುಟ್ಟು ಇದೇ. ತಳದಲ್ಲಿ ಒಣ ಕಡ್ಡಿಯನ್ನು ಅಟ್ಟಣಿಗೆಯಂತೆ ಜೋಡಿಸಿ ಮೇಲಿಂದ ಹಚ್ಚಿ. ಉರಿ ಹಿಡಿದು ಕಡ್ಡಿಗಳು ಕೆಂಡವಾದ ಮೇಲೆ ಅವುಗಳ ಅಂಚನ್ನು ನೋಡುತ್ತಿರಿ. ಕೆಂಡದ ಮೈಮೇಲೆ ತೆಳುವಾಗಿ ಬಿಳಿ ಬೂದಿ ಮೂಡುವುದೇ ಸೂಚನೆ. ಆಗ ಮುಂದಿನ ಪದರವನ್ನು ತೆಳ್ಳಗೆ ಹರಡಿ. ಮೇಲಿನ ಪದರ ಉರಿಯುವಾಗ ಗಾಳಿಯನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಕೆಳಗಿನ ಕೆಂಡಕ್ಕೆ ಗಾಳಿ ಸಿಗದೆ ಅದು ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. ಹೊಗೆಯೂ ಆ ಉರಿಯಲ್ಲೇ ಸುಟ್ಟುಹೋಗುತ್ತದೆ. ಹೊಗೆ ಎದ್ದರೆ ಒಂದೇ ಸಲ ಹೆಚ್ಚು ಹಾಕಿದ್ದೀರಿ, ಇಲ್ಲವೇ ಕಸ ಹಸಿ ಇದೆ. ಬಿಳಿ ಬೂದಿ ದಪ್ಪಗಾದರೆ ತಡ ಮಾಡಿದ್ದೀರಿ. ಹೊಂಡ ತುಂಬುವವರೆಗೆ ಒಬ್ಬರು ಅಲ್ಲೇ ನಿಂತಿರಬೇಕು.

7. ಅಡಿಕೆ ಸಿಪ್ಪೆಯನ್ನು ಒಂದೇ ಆಗಿ ಸುಡದೆ ಕಡ್ಡಿ, ಬೆಂಡಿನ ಜೊತೆ ಬೆರೆಸಿ. ನಾರು ನಾರಾದ ಸಿಪ್ಪೆ ಒತ್ತಾಗಿ ಕೂತು ಉರಿಯದೆ ಕುಮುಲುತ್ತದೆ. ಎರಡು ಪಾಲು ಬೆಂಡು ಅಥವಾ ಕಡ್ಡಿಗೆ ಒಂದು ಪಾಲು ಚೆನ್ನಾಗಿ ಒಣಗಿದ ಸಿಪ್ಪೆ ಸೇರಿಸಿದರೆ ಉರಿ ನಿಲ್ಲುತ್ತದೆ.

8. ನಂದಿಸಲು ಬೇಕಾದ್ದನ್ನು ಕಡ್ಡಿ ಗೀರುವ ಮುಂಚೆಯೇ ಪಕ್ಕದಲ್ಲಿ ಇಟ್ಟುಕೊಳ್ಳಿ. ಮೇಲೆ ಹೇಳಿದ ಅಳತೆಯ ಹೊಂಡಕ್ಕೆ ಎರಡು ಡ್ರಮ್ಮು, ಅಂದರೆ 400 ಲೀಟರ್ ನೀರು ಬೇಕು. ನೀರಿಗೆ ತತ್ವಾರವಿದ್ದರೆ ತೇವದ ಮಣ್ಣನ್ನು ಅರ್ಧ ಅಡಿ ದಪ್ಪ ಮುಚ್ಚಿ, ಎಲ್ಲೂ ಬಿರುಕು ಬಿಡದಂತೆ ಎರಡು ದಿನ ಬಿಡಿ. ತೆಗೆದ ಇದ್ದಿಲನ್ನು ಬಯಲಲ್ಲಿ ತೆಳುವಾಗಿ ಹರಡಿ ಇನ್ನೊಂದು ದಿನ ಕಾಯಿರಿ. ಕಾಯದೆ ಚೀಲಕ್ಕೆ ತುಂಬಿದರೆ ಒಳಗೆ ಅಡಗಿದ ಕೆಂಡ ಮತ್ತೆ ಹೊತ್ತಿಕೊಳ್ಳುತ್ತದೆ.

9. ಇದ್ದಿಲನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿ. ಹದವಾದ ಇದ್ದಿಲು ಹಗುರ, ಒತ್ತಿದರೆ ಚೂರಾಗುತ್ತದೆ, ವಾಸನೆ ಇರುವುದಿಲ್ಲ. ಕೈಗೆ ಹತ್ತಿದ ಕಪ್ಪು ಬರೀ ನೀರಿನಲ್ಲಿ ತೊಳೆದುಹೋಗುತ್ತದೆ. ಕೈ ಜಿಡ್ಡಾಗಿ ಸೋಪು ಬೇಕಾದರೆ, ಹೊಗೆಯ ಘಾಟು ಬಂದರೆ ಅದರಲ್ಲಿ ಡಾಂಬರು ಉಳಿದಿದೆ. ಅಂಥ ಇದ್ದಿಲು ಮೊಳಕೆಗೆ ವಿಷ. ಅದನ್ನು ಮುಂದಿನ ಹೊಂಡಕ್ಕೆ ಹಾಕಿ ಮತ್ತೆ ಸುಡಿ.

10. ಮಣ್ಣಿಗೆ ಹಾಕುವ ಮೊದಲು ಇದ್ದಿಲಿಗೆ ಉಣಿಸಿ. ಗೋಣಿಚೀಲದಲ್ಲಿ ತುಂಬಿ, ನೀರು ಚಿಮುಕಿಸಿ, ಶೇಂಗಾ ಬೀಜಕ್ಕಿಂತ ಸಣ್ಣಗಾಗುವಂತೆ ಕುಟ್ಟಿ. ಒಂದು ಮಂಕರಿ ಇದ್ದಿಲಿಗೆ ಎರಡು ಮಂಕರಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ, ಸಗಣಿ ಬಗ್ಗಡ, ಗಂಜಲ ಸುರಿದು ಕಲಸಿ. ಹಿಂಡಿದರೆ ಉಂಡೆಯಾಗಬೇಕು, ನೀರು ಸೋರಬಾರದು. ನೆರಳಲ್ಲಿ ಮೂರು ವಾರ ಬಿಡಿ, ವಾರಕ್ಕೊಮ್ಮೆ ತಿರುವಿ. ಇದಕ್ಕಿಂತ ಸುಲಭದ ದಾರಿ ತಿಪ್ಪೆ: ಸಗಣಿ ಹಾಕುವಾಗಲೆಲ್ಲ ಹತ್ತು ಮಂಕರಿಗೆ ಒಂದು ಮಂಕರಿ ಇದ್ದಿಲು ಸೇರಿಸುತ್ತಾ ಹೋದರೆ ತಿಪ್ಪೆ ಕಳಿಯುವ ಹೊತ್ತಿಗೆ ಇದ್ದಿಲೂ ತುಂಬಿರುತ್ತದೆ. ಗಂಜಲ ಹರಿದುಹೋಗುವ ಕೊಟ್ಟಿಗೆಯ ಮೋರಿಯಲ್ಲಿ ಇದ್ದಿಲು ಹರಡಿ, ಒದ್ದೆಯಾದ ಮೇಲೆ ತಿಪ್ಪೆಗೆ ಎಳೆದರೂ ಆಯಿತು.

11. ಬೇರು ಇರುವಲ್ಲಿ, ತೇವ ಇರುವಾಗ ಹಾಕಿ. ಅಡಿಕೆ, ತೆಂಗಿಗೆ ಬುಡದ ಪಕ್ಕ ಬೇಡ. ಬುಡದಿಂದ ಎರಡು ಮೂರು ಅಡಿ ದೂರದಲ್ಲಿ ಪಾತಿಯ ಸುತ್ತ ಅರ್ಧ ಅಡಿ ಆಳ ಕೆದಕಿ, ಬೆರೆಸಿ, ಮಣ್ಣು ಮುಚ್ಚಿ, ಮೇಲೆ ಸೋಗೆ ಹೊದಿಸಿ. ಹೊಸ ದಾಳಿಂಬೆ, ಅಡಿಕೆ, ತೆಂಗಿನ ಗುಂಡಿಗೆ ತುಂಬುವ ಮಣ್ಣಿನಲ್ಲಿ ಉಣಿಸಿದ ಇದ್ದಿಲು ಹತ್ತನೇ ಒಂದು ಪಾಲಿಗಿಂತ ಹೆಚ್ಚಿರಬಾರದು. ಮುಂಗಾರಿನ ಮೊದಲ ಹದ ಮಳೆಯಾದ ಮೇಲೆ ಹಾಕುವುದು ಉತ್ತಮ.

12. ಪಕ್ಕದಲ್ಲೇ ಇದ್ದಿಲು ಹಾಕದ ತಾಕು ಬಿಡಿ. ಒಂದೇ ಬೀಜ, ಒಂದೇ ದಿನದ ಬಿತ್ತನೆ, ಒಂದೇ ಗೊಬ್ಬರ. ಒಂದು ಗುಂಟೆಗೆ ಇದ್ದಿಲು, ಇನ್ನೊಂದು ಗುಂಟೆಗೆ ಇಲ್ಲ. ಮಳೆ ಕೈಕೊಟ್ಟ ದಿನಗಳಲ್ಲಿ ಯಾವ ತಾಕಿನ ಎಲೆ ಮೊದಲು ಸುರುಳಿ ಸುತ್ತಿತು ಎಂದು ಬರೆದಿಡಿ. ಕೊಯ್ಲಾದ ಮೇಲೆ ಎರಡನ್ನೂ ಬೇರೆ ಬೇರೆ ತೂಗಿ. ನಿಮ್ಮ ಹೊಲದ ಮಟ್ಟಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ಮಾಡಬಾರದ್ದು

1. ಮೇವನ್ನು ಸುಡಬೇಡಿ. ಈ ಸೂಚನೆಗಳಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ರಾಗಿ ಹುಲ್ಲು, ಸಾವೆ ಹುಲ್ಲು, ಜೋಳದ ಸೊಪ್ಪೆ, ಶೇಂಗಾ ಹೊಟ್ಟು, ದನ ತಿನ್ನುವಷ್ಟು ಹಸನಾದ ಮೆಕ್ಕೆಜೋಳದ ದಂಟು ಹೊಂಡಕ್ಕೆ ಹೋಗಬಾರದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಅಂಥ ವರ್ಷದಲ್ಲಿ ಒಂದು ಹೊರೆ ಹುಲ್ಲಿನ ಬೆಲೆ ಏನೆಂಬುದು ದನ ಕಟ್ಟಿದ ಮನೆಗೆ ಗೊತ್ತು. ದನ ತಿಂದ ಹುಲ್ಲು ಸಗಣಿಯಾಗಿ ಹೊಲಕ್ಕೆ ಬರುತ್ತದೆ, ಜೊತೆಗೆ ಹಾಲೂ ಬರುತ್ತದೆ. ದನವನ್ನು ಉಪವಾಸ ಕೆಡವಿ ಮಾಡಿದ ಇದ್ದಿಲಿನಿಂದ ಮಣ್ಣು ಉದ್ಧಾರವಾಗುವುದಿಲ್ಲ.

2. ಕೊಳೆಯುವ ಸೊಪ್ಪು ಸದೆಯನ್ನು ಸುಡಬೇಡಿ. ಹಸಿರೆಲೆ, ಕಳೆ, ತರಕಾರಿ ಕಸ, ದ್ವಿದಳ ಧಾನ್ಯದ ಹೊಟ್ಟು ಇವು ತಿಪ್ಪೆಗೆ, ಎರೆಗೊಬ್ಬರದ ತೊಟ್ಟಿಗೆ ಹೋಗಬೇಕು. ಸುಟ್ಟರೆ ಅವುಗಳ ಸಾರಜನಕದ ಹೆಚ್ಚಿನ ಪಾಲು ಹೊಗೆಯಾಗಿ ಹೋಗುತ್ತದೆ. ತೆಂಗಿನ ಮಟ್ಟೆಯನ್ನೂ ಸುಡಬೇಡಿ. ಪಾತಿಯಲ್ಲಿ ಹೂತರೆ ಅದೇ ವರ್ಷಗಟ್ಟಲೆ ತೇವ ಹಿಡಿಯುತ್ತದೆ. ತೆಂಗಿನ ಚಿಪ್ಪಿಗೆ ಇದ್ದಿಲು ಘಟಕಗಳಲ್ಲಿ ಬೆಲೆ ಇದೆ. ಮಾರಿ ಬಂದ ಹಣದಿಂದ ಗೊಬ್ಬರ ತನ್ನಿ.

3. ಪ್ಲಾಸ್ಟಿಕ್ ಒಂದು ಚೂರೂ ಹೊಂಡಕ್ಕೆ ಬೀಳಬಾರದು. ಹನಿ ನೀರಾವರಿಯ ಹಳೆ ಪೈಪು, ಮಲ್ಚಿಂಗ್ ಶೀಟು, ಗೊಬ್ಬರದ ಚೀಲ, ಔಷಧಿ ಡಬ್ಬಿ, ಬಣ್ಣ ಬಳಿದ ಮರ, ಪ್ಲೈವುಡ್ ಇವು ಸುಟ್ಟಾಗ ಬರುವ ವಿಷ ಇದ್ದಿಲಿನಲ್ಲೇ ಕೂರುತ್ತದೆ, ಅಲ್ಲಿಂದ ನೂರು ವರ್ಷಕ್ಕೆ ನಿಮ್ಮ ಮಣ್ಣಿಗೆ ಸೇರುತ್ತದೆ.

4. ಗಾಳಿ ಇರುವಾಗ ಹಚ್ಚಬೇಡಿ. ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳು ನಿಂತಿರುವುದೇ ಇಲ್ಲಿ ಗಾಳಿ ಜೋರು ಎಂಬ ಕಾರಣಕ್ಕೆ. ಆಷಾಢದ ಗಾಳಿಯಲ್ಲಿ, ಫೆಬ್ರುವರಿಯಿಂದ ಮೇವರೆಗಿನ ಒಣ ಬೇಸಿಗೆಯಲ್ಲಿ ಈ ಕೆಲಸ ಬೇಡ. ಬೆಂಡು, ಕಟ್ಟಿಗೆ ಸಿಗುವ ಡಿಸೆಂಬರ್, ಜನವರಿಯ ಬೆಳಗಿನ ತಂಪು ಹೊತ್ತು ಸರಿಯಾದ ಸಮಯ. ಬೆಂಕಿ ಕೈಮೀರಿದರೆ ತಡ ಮಾಡದೆ 112ಕ್ಕೆ ಕರೆ ಮಾಡಿ.

5. ಕಾಡಿನ ಅಂಚಿನಲ್ಲಿ ಹೊಂಡ ತೋಡಬೇಡಿ, ಕಾಡಿನಿಂದ ಕಡ್ಡಿಯನ್ನೂ ತರಬೇಡಿ. ಜೋಗಿಮಟ್ಟಿ, ಮಾರಿಕಣಿವೆ ಕಾಡುಗಳು ಒಂದು ಕಿಡಿಗೆ ಹೊತ್ತುತ್ತವೆ. ಗೋಮಾಳ, ಕಾವಲು, ಕೆರೆಯಂಗಳದ ಜಾಲಿ ಸರ್ಕಾರದ ಅಥವಾ ಪಂಚಾಯಿತಿಯ ಸ್ವತ್ತು. ಜಾಲಿ ಊರಿಗೆ ಕಾಟ ಎನಿಸಿದರೂ ಒಪ್ಪಿಗೆ ಪಡೆದೇ ಕಡಿಯಬೇಕು. ಇದ್ದಿಲಿಗಾಗಿ ಜೀವಂತ ಮರಕ್ಕೆ ಕೊಡಲಿ ಹಾಕುವುದಾದರೆ ಇಡೀ ಉದ್ದೇಶವೇ ಕೆಟ್ಟಂತೆ.

6. ಹಸಿ ಇದ್ದಿಲನ್ನು, ಅಂದರೆ ಉಣಿಸದ ಇದ್ದಿಲನ್ನು, ನೇರ ಹೊಲಕ್ಕೆ ಚೆಲ್ಲಬೇಡಿ. ಮೊದಲ ಬೆಳೆಯ ಸಾರಜನಕ ಕಟ್ಟಿಹೋಗುತ್ತದೆ. ಒಣ ಪುಡಿ ಗಾಳಿಗೆ ಹಾರಿ ಕಣ್ಣು, ಮೂಗು ಸೇರುತ್ತದೆ. ಉಳಿದದ್ದು ಮೊದಲ ಜೋರು ಮಳೆಗೆ ಕೊಚ್ಚಿಹೋಗಿ ಕಟ್ಟೆ ಸೇರುತ್ತದೆ.

7. ಗೊಬ್ಬರ ನಿಲ್ಲಿಸಬೇಡಿ. ಫಲ ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ ಹಸಿರೆಲೆ ಹಾಗೂ ಕಾಂಪೋಸ್ಟ್ ತಲಾ 12 ಕೆ.ಜಿ. ಶಿಫಾರಸು ಇದೆ. ಶೇಂಗಾಕ್ಕೆ ಹೆಕ್ಟೇರಿಗೆ 500 ಕೆ.ಜಿ. ಜಿಪ್ಸಂ ಬೇಕು. ಇದ್ದಿಲು ಇವುಗಳಲ್ಲಿ ಯಾವುದಕ್ಕೂ ಬದಲಿಯಲ್ಲ. ರಸಸಾರ ಏರಿದರೆ ಮೆಕ್ಕೆಜೋಳಕ್ಕೆ ಸತುವಿನ ಕೊರತೆ ಕಾಣಿಸುತ್ತದೆ. ಎಳೆ ಎಲೆ ಬೆಳ್ಳಗಾದರೆ ಕೃಷಿ ಅಧಿಕಾರಿಗೆ ತೋರಿಸಿ.

8. ಕಳೆನಾಶಕ ಹಾಕುವ ಹೊಲದಲ್ಲಿ ಲೆಕ್ಕ ತಪ್ಪಬೇಡಿ. ಬಿತ್ತಿದ ಕೂಡಲೇ ಸಿಂಪಡಿಸುವ ಅಟ್ರಜಿನ್, ಪೆಂಡಿಮೆಥಾಲಿನ್‌ನಂಥ ಔಷಧಿಯನ್ನು ಇದ್ದಿಲು ಹೀರಿಕೊಳ್ಳುತ್ತದೆ. ಕಳೆ ಸಾಯುವುದಿಲ್ಲ. ಆಗ ಪ್ರಮಾಣ ಹೆಚ್ಚಿಸುವುದು ತಪ್ಪು. ಇದ್ದಿಲು ಹಾಕಿದ ತಾಕಿನಲ್ಲಿ ಕುಂಟೆ ಹೊಡೆಯಿರಿ, ಕೈಗಳೆ ತೆಗೆಸಿ.

9. ಪ್ರತಿ ವರ್ಷ ಅದೇ ಜಾಗಕ್ಕೆ ಸುರಿಯಬೇಡಿ. ಗುಂಟೆಗೆ 50 ಕೆ.ಜಿ. ಒಮ್ಮೆ ಹಾಕಿದ ಮೇಲೆ ಆ ತಾಕನ್ನು ಬಿಟ್ಟು ಮುಂದಿನ ತಾಕಿಗೆ ಹೋಗಿ. ಯಾವ ಕಾರಣಕ್ಕೂ ಗುಂಟೆಗೆ 100 ಕೆ.ಜಿ. ಮೀರಬಾರದು.

10. ಮಕ್ಕಳನ್ನು ಹೊಂಡದ ಹತ್ತಿರ ಬಿಡಬೇಡಿ. ಇದ್ದಿಲು ಕುಟ್ಟುವ ಕೆಲಸಕ್ಕೂ ಹಚ್ಚಬೇಡಿ. ದೊಡ್ಡವರೂ ಮೂಗು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಬೇಕು, ನೂಲಿನ ಬಟ್ಟೆ ಉಡಬೇಕು; ನೈಲಾನ್ ಸೀರೆ, ಪಾಲಿಯೆಸ್ಟರ್ ಲುಂಗಿ ಬೆಂಕಿಯ ಬಳಿ ಬೇಡ. ಬಿಸಿ ಇದ್ದಿಲನ್ನು ಮನೆಯೊಳಗೆ, ಪಂಪ್‌ಸೆಟ್ ಕೋಣೆಯೊಳಗೆ ಇಡಬೇಡಿ. ಕುಮುಲುವ ಇದ್ದಿಲಿನಿಂದ ಬರುವ ವಿಷಾನಿಲಕ್ಕೆ ಬಣ್ಣ, ವಾಸನೆ ಇಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳುವುದಿಲ್ಲ. ಕೆಲಸ ಮುಗಿದ ಹೊಂಡವನ್ನು ತೆರೆದು ಬಿಡಬೇಡಿ.

11. ಮುಂಗಡದ ಋಣಕ್ಕೆ ಯಾರನ್ನೂ ಇದ್ದಿಲು ಸುಡುವ ಕೆಲಸಕ್ಕೆ ಕಟ್ಟಿಹಾಕಬೇಡಿ. ಜೀತ ಪದ್ಧತಿ 1976ರ ಕಾಯ್ದೆಯಿಂದ ರದ್ದಾಗಿದೆ. ದಿನದ ಕೂಲಿಯನ್ನು ಆ ದಿನವೇ ಕೊಡಿ.

12. ಇದ್ದಿಲು ಮಾರಲು ಹೊರಡುವ ಮೊದಲು ಕಾನೂನು ಕೇಳದೆ ಹೋಗಬೇಡಿ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಇದ್ದಿಲು ಅರಣ್ಯ ಉತ್ಪನ್ನಗಳ ಸಾಲಿನಲ್ಲಿದೆ. ಸ್ವಂತ ಹೊಲದಲ್ಲಿ ಮಾಡಿ ಸ್ವಂತ ಹೊಲಕ್ಕೆ ಹಾಕುವುದು ಬೇರೆ, ಲಾರಿಗೆ ತುಂಬುವುದು ಬೇರೆ. ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ, ಬೇಕಾದ ರಹದಾರಿ ಪಡೆದೇ ಗಾಡಿ ಹೊರಡಿಸಿ.

13. ಓದದ ಕಾಗದಕ್ಕೆ ಸಹಿ ಹಾಕಬೇಡಿ. ಮಣ್ಣಿನಲ್ಲಿ ಇಂಗಾಲ ಹೂಳುವುದಕ್ಕೆ ಈಗ ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಇದೆ. ಭಾರತದ ವರಾಹ ಎಂಬ ಕಂಪನಿಯಿಂದ 2030ರೊಳಗೆ 1 ಲಕ್ಷ ಟನ್ ಇಂಗಾಲದ ಕ್ರೆಡಿಟ್ ಕೊಳ್ಳುವ ಒಪ್ಪಂದವನ್ನು ಗೂಗಲ್ 2025ರ ಜನವರಿಯಲ್ಲಿ ಪ್ರಕಟಿಸಿತು. ಇಂಥ ಅವಕಾಶ ನಮ್ಮ ಊರಿಗೂ ಬರಬಹುದು, ಬಂದರೆ ಒಳ್ಳೆಯದೇ. ಆದರೆ ಪಹಣಿ, ಆಧಾರ್ ಪ್ರತಿ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಒಪ್ಪಂದ ಎಷ್ಟು ವರ್ಷಕ್ಕೆ? ರೈತನ ಪಾಲು ಎಷ್ಟು, ಯಾವಾಗ? ಮಧ್ಯದಲ್ಲಿ ಬಿಟ್ಟರೆ ಏನು? ಕಾಗದ ಕನ್ನಡದಲ್ಲಿದೆಯೇ? ಉತ್ತರ ಬರವಣಿಗೆಯಲ್ಲಿ ಸಿಗದಿದ್ದರೆ ಬಾಗಿಲು ಮುಚ್ಚಿ.

ತಾಲ್ಲೂಕುವಾರು ಎಚ್ಚರಿಕೆ

ಹೊಳಲ್ಕೆರೆ: ನಾಲ್ಕರಲ್ಲಿ ಮಳೆ ಸ್ವಲ್ಪ ಹೆಚ್ಚು, ಅಡಿಕೆ ತೋಟ ಹೆಚ್ಚು. ಕೆಂಪು ಮಣ್ಣಿನ ತೋಟಗಳಲ್ಲಿ ಇದ್ದಿಲಿಗೆ ತಕ್ಕ ಜಾಗ ಸಿಗುವ ಸಂಭವ ಇಲ್ಲಿ ಇದೆ. ಹಸಿ ಅಡಿಕೆ ಸುಲಿದ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿಯುವುದು ಇಂದೇ ನಿಲ್ಲಲಿ. ಅದರ ಹೊಗೆಗೆ ದಾರಿ ಕಾಣದೆ ಬೈಕ್ ಸವಾರರು ಬೀಳುತ್ತಾರೆ. ಕಣದಲ್ಲಿ ತೆಳುವಾಗಿ ಹರಡಿ ಒಣಗಿಸಿ, ಅರ್ಧ ತೋಟಕ್ಕೆ ಹೊದಿಕೆಯಾಗಿ, ಅರ್ಧ ಹೊಂಡಕ್ಕೆ ಬಳಸಿ.

ಚಿತ್ರದುರ್ಗ: ಭೀಮಸಮುದ್ರದ ಸುತ್ತ ಅಡಿಕೆ ಸಿಪ್ಪೆ, ಬಯಲಿನ ಹೊಲಗಳಲ್ಲಿ ಮೆಕ್ಕೆಜೋಳದ ಬೆಂಡು. ಎರಡನ್ನೂ ಬೆರೆಸಿದರೆ ಹೊಂಡಕ್ಕೆ ಹೇಳಿ ಮಾಡಿಸಿದ್ದು. ಈರುಳ್ಳಿ ಬೆಳೆಯುವವರು ಮೊದಲು ಒಂದೇ ಮಡಿಯಲ್ಲಿ ಪರೀಕ್ಷಿಸಿ. ಎರೆ ಹೊಲದವರು ಮಣ್ಣು ಪರೀಕ್ಷೆಯ ಚೀಟಿ ಕೈಗೆ ಬರುವ ತನಕ ಕಾಯಿರಿ.

ಹಿರಿಯೂರು: ಮಳೆ ಕಡಿಮೆ. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರಿನ ಬೆಲೆ ಇಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ಆದ್ದರಿಂದ ಕುಡಿಯುವ ನೀರಿನಿಂದ ಹೊಂಡ ನಂದಿಸಬೇಡಿ, ಮಣ್ಣು ಮುಚ್ಚಿ ನಂದಿಸಿ. ನಾಲೆಯ ಕೆಳಗಿನ ಜಮೀನಿನಲ್ಲಿ ಸವಳು ಏರಿ ಬಿಳಿ ಉಪ್ಪು ಕಾಣುತ್ತಿದ್ದರೆ ಅಲ್ಲಿ ಇದ್ದಿಲು ಬೇಡ. ಬಸಿಗಾಲುವೆ, ಜಿಪ್ಸಂ, ಹಸಿರೆಲೆ ಗೊಬ್ಬರ ಬೇಕು.

ಹೊಸದುರ್ಗ: ತೆಂಗು, ದಾಳಿಂಬೆ, ಸಾವೆ, ರಾಗಿಯ ಸೀಮೆ. ಸಾವೆ, ರಾಗಿ ಹುಲ್ಲು ದನಕ್ಕೇ. ದಾಳಿಂಬೆಯಲ್ಲಿ ದುಂಡಾಣು ಅಂಗಮಾರಿ ಬಂದ ಕಡ್ಡಿಯನ್ನು ಬದುವಿನ ಮೇಲೆ ಬಿಡಬೇಡಿ, ಪಕ್ಕದ ತೋಟದ ದಾರಿಯಲ್ಲಿ ಸಾಗಿಸಲೂಬೇಡಿ. ಅದೇ ತೋಟದ ಮೂಲೆಯ ಹೊಂಡದಲ್ಲಿ, ಉರಿ ಜೋರಾದ ಮೇಲೆ, ಒಣ ಕಡ್ಡಿಯ ಜೊತೆ ಸ್ವಲ್ಪ ಸ್ವಲ್ಪವಾಗಿ ಹಾಕಿ. ರೋಗಾಣು ಅಲ್ಲೇ ಸಾಯುತ್ತದೆ. ಹಿರಿಯೂರಿನ ದಾಳಿಂಬೆ ತೋಟಗಳಿಗೂ ಇದೇ ಮಾತು.

ಕೊನೆಯ ಮಾತು

ರೈತ ಬಾಂಧವರೇ, ಕೊಟ್ಟಿಗೆ ಗೊಬ್ಬರ, ಕೆರೆಗೋಡು, ಬದು, ಬೆಳೆ ಪರ್ಯಾಯ ಇವು ನಮ್ಮ ಮಣ್ಣನ್ನು ಇಷ್ಟು ಕಾಲ ಕಾಪಾಡಿವೆ. ಇದ್ದಿಲು ಅವುಗಳ ಜೊತೆಗೆ ಸೇರಬಹುದೇ ಹೊರತು ಅವುಗಳ ಜಾಗಕ್ಕೆ ಬರಲಾರದು. ಸುಮ್ಮನೆ ಉರಿದುಹೋಗುವ ಬೆಂಡು, ಸಿಪ್ಪೆ, ಕಟ್ಟಿಗೆಯನ್ನು ಈ ವರ್ಷ ಉಳಿಸಿಕೊಳ್ಳಿ. ಎರಡು ಗುಂಟೆಗೆ ಮಾತ್ರ ಹಾಕಿ. ಎರಡು ಬೆಳೆ ನೋಡಿ, ತೂಕ ಹಾಕಿ. ಲಾಭ ಕಂಡರೆ ಮುಂದಿನ ಎರಡು ಗುಂಟೆಗೆ ಹೋಗಿ, ಕಾಣದಿದ್ದರೆ ನಿಲ್ಲಿಸಿ. ಏನೇ ಮಾಡಿ, ಹೊಲದ ಕಸಕ್ಕೆ ಸುಮ್ಮನೆ ಬೆಂಕಿ ಇಡುವುದನ್ನು ಮಾತ್ರ ಇವತ್ತೇ ಬಿಡಿ.